ಬ್ಯಾಟರಿ ಮಾವನ ಹಾರ್ನು

ಬೀದಿಯವರೆಲ್ಲ ಬ್ಯಾಟರಿ ಮಾವ ಎಂದೇ ಕರೆಯುವ ಈ ಟೈಲರಿಗೆ ತಮ್ಮ ಬೈಕಿನ ಬ್ಯಾಟರಿಯೆಂದರೆ ಪಂಚಪ್ರಾಣ. ಸೆಲ್ಫ್ ಇದ್ದರೂ ಒತ್ತುವುದಿಲ್ಲ, ಬೆವರು ಕಿತ್ತುಬರುವವರೆಗೆ ಕಿಕ್ ಹೊಡೆಯುತ್ತಾರೆ. ಭಾನುವಾರ ಬಂತೆಂದರೆ ವೈರು ಬಿಚ್ಚಿ, ಟರ್ಮಿನಲ್ಲಿಗೆ ಹಿಡಿದ ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಹಸುಗೂಸಿಗೆ ಎಣ್ಣೆ ಹಚ್ಚಿದ ಹಾಗೆ ವ್ಯಾಸಲೀನ್ ಸವರುತ್ತಾರೆ. ಬೈಕು ಎರಡು ದಿನ ನಿಂತರೆ ಸಾಕು, ಕೆಲಸವಿಲ್ಲದಿದ್ದರೂ ಒಂದು ಸುತ್ತು ಹೋಗಿ ಚಾರ್ಜು ತುಂಬಿಸಿಕೊಂಡು ಬರುತ್ತಾರೆ. ಹಾರ್ನಂತೂ ಮುಟ್ಟಿದರೆ ಕೇಳಿ. ಅಡ್ಡ ಬಂದದ್ದು ನಾಯಿಯಿರಲಿ, ಲಾರಿಯಿರಲಿ, "ಸ್ವಲ್ಪ ಸರಿಯಪ್ಪಾ!" ಎಂದು ಗಂಟಲು ಹರಿದುಕೊಳ್ಳುತ್ತಾರೆ. "ಗಂಟಲು ಕಟ್ಟಿದ್ರೆ ಬಿಸಿನೀರು ಕುಡಿದ್ರಾಯ್ತು, ಬ್ಯಾಟರಿ ಕೂತ್ರೆ ಏನ್ ಕುಡಿಸ್ಲಿ?" ಎನ್ನುವುದು ಅವರ ವಾದ. ಸಂಜೆ ತಮ್ಮ ಮನೆಯ ಗೇಟಿನ ಮುಂದೆ ಮಾತ್ರ ಅವರು ಹಾರ್ನಿನ ಮೇಲೆ ಹೆಬ್ಬೆರಳಿಟ್ಟರೆ ಬೀದಿಯೇ ಕಿವಿ ಮುಚ್ಚಿಕೊಳ್ಳಬೇಕು. ವರ್ಷದಿಂದ ವರ್ಷಕ್ಕೆ ಆ ಸದ್ದು ಉದ್ದವಾಗುತ್ತಿದೆ. ಮೊನ್ನೆ ಪಕ್ಕದ ಮನೆಯಾಕೆ, "ಏನ್ ಮಾವ, ಇದಕ್ಕೆ ಬ್ಯಾಟರಿ ಖರ್ಚಾಗಲ್ವಾ?" ಎಂದು ಛೇಡಿಸಿದಳು. "ಉಳಿಸೋದೇ ಇದಕ್ಕಮ್ಮಾ," ಎಂದರು ಅವರು, ಹೆಬ್ಬೆರಳು ತೆಗೆಯದೆ. "ನಿಮ್ಮತ್ತೆ ಹಾಸಿಗೆ ಬಿಟ್ಟೇಳಲ್ಲ, ಈಗ ಕಿವೀನೂ ಮಂದ ಆಗ್ತಾ ಇದೆ. ನಾನು ಬಂದೆ ಅಂತ ಅವಳಿಗೆ ಗೊತ್ತಾಗ್ಬೇಕಲ್ಲ?" ಒಳಗಿನಿಂದ "ಬಂದ್ರಾ?" ಎಂಬ ದನಿ ಕೇಳಿದ ಮೇಲೆಯೇ ಆ ಹೆಬ್ಬೆರಳು ಮೇಲೆದ್ದದ್ದು.