ಕೇಳ್ತದಾ ಮಾರಾಯ್ರೆ?

ಮದುವೆಗಳಿಗೆ ಮೈಕ್ ಕಟ್ಟುತ್ತಿದ್ದ ಹುಡುಗನೇ ನಮ್ಮ ಊರವರು ಸೇರಿ ನಡೆಸುವ ಇಂಟರ್‌ನೆಟ್‌ಗೂ ಕಂಬ ಹತ್ತುತ್ತಿದ್ದ. ಯಾವ ಯಂತ್ರ ಜೋಡಿಸಿದರೂ “ಕೇಳ್ತದಾ ಮಾರಾಯ್ರೆ?” ಎಂದು ಗುಡ್ಡ ಓಗೊಡುವಂತೆ ಕೂಗುವುದೇ ಅವನ ಪರೀಕ್ಷೆ.

ಇಂಟರ್‌ನೆಟ್ ಸಿಗ್ನಲ್ ಹಿಡಿಯುವ ಹೊಸ, ವೇಗದ ರೇಡಿಯೊವನ್ನು ಮರ್ಕಂಜ ಊರಿನ ಕಡೆಗೆ ತಿರುಗಿಸಿ ಬಿಗಿದ ದಿನ ಮಾತ್ರ ಸರಸರನೆ ಇಳಿದು, “ಮೊದಲ ವಿಡಿಯೋ ಕಾಲ್ ನಂದು!” ಎಂದು ಫೋನ್ ತೆಗೆದ. ತೆರೆಯಲ್ಲಿ ಅವನ ಅಕ್ಕ ಕಂಡಳು. ನಾವು ಕಿವಿ ಮುಚ್ಚಿಕೊಂಡೆವು.

ಅವನು ಕೂಗಲಿಲ್ಲ, ಫೋನನ್ನು ಕಂಬಕ್ಕೆ ಒರಗಿಸಿ ಎರಡೂ ಕೈ ಆಡಿಸತೊಡಗಿದ. ಹುಟ್ಟಿನಿಂದ ಕಿವಿ ಕೇಳದ ಅಕ್ಕನೂ ಕೈಯಲ್ಲೇ ಉತ್ತರಿಸಿದಳು. ಹಳೆಯ ರೇಡಿಯೊ ಇದ್ದಾಗ ತೆರೆಯ ಮೇಲೆ ಆ ಕೈ ಅರ್ಧ ಮಾತಿಗೇ ಗಕ್ಕನೆ ನಿಂತುಬಿಡುತ್ತಿತ್ತು. ಈಗ ಒಂದು ಬೆರಳೂ ತಡವರಿಸಲಿಲ್ಲ.

“ಎಂತ, ಆಯ್ತಾ?” ಎಂದೆ.

“ಎಲ್ಲಿ ಆಗುದು!” ಎಂದು ಕೂಗಿದ. “ಅಕ್ಕ ನಂಗೆ ಬಾಯಿ ಹಾಕ್ಲಿಕ್ಕೇ ಬಿಡುದಿಲ್ಲ ಮಾರಾಯ್ರೆ!”