ತಡೆಹಿಡಿದ ಮೇಲ್‌ಗಳ ನಡುವೆ

ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರಿಗೆ ನೆರವಾಗುವ ಪುಟ್ಟ ಸಂಸ್ಥೆಯೊಂದು ಆರ್.ಟಿ. ನಗರದಲ್ಲಿದೆ. ಅದರ ಮೇಲ್ ಸರ್ವರ್ ನೋಡಿಕೊಳ್ಳುವವಳು ನಾನು. ಒಂದು ಮಧ್ಯಾಹ್ನ ಅಲ್ಲಿನ ಹಿರಿಯ ಆಪ್ತಸಲಹೆಗಾರ್ತಿ ಫೋನ್ ಮಾಡಿದರು. ಅವರನ್ನು ನಾವೆಲ್ಲ ಕರೆಯುವುದು ಅಕ್ಕ ಅಂತಲೇ.

"ಬೆಳಿಗ್ಗೆಯಿಂದ ಒಂದೂ ಮೇಲ್ ಬಂದಿಲ್ಲ ಕಣೇ. ಬೇಗ ಬರ್ತೀಯಾ?"

ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಹೇಗೋ ತಲುಪಿದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದರು. ದಾಸರಹಳ್ಳಿಯ ಒಬ್ಬ ಹೆಂಗಸು ಅವತ್ತು ಗಂಡನನ್ನು ಬಿಟ್ಟು ಬರುವವಳಿದ್ದಳಂತೆ. ಅವಳ ಫೋನು ದಿನಾ ಗಂಡನ ಕೈಗೆ ಹೋಗುತ್ತಿತ್ತು. ಅದಕ್ಕೇ, ಎಲ್ಲಿಗೆ ಬಂದು ಕರೆದುಕೊಂಡು ಹೋಗಬೇಕೆಂದು ತಾನು ಕೆಲಸ ಮಾಡುವ ಫ್ಯಾಕ್ಟರಿಯ ಕಂಪ್ಯೂಟರಿನಿಂದ ಮೇಲ್ ಹಾಕುತ್ತೇನೆ ಎಂದಿದ್ದಳು.

"ನಾವಾಗಿ ಫೋನ್ ಮಾಡೋ ಹಾಗಿಲ್ಲ," ಎಂದರು ಅಕ್ಕ.

ಸರ್ವರ್ ತೆರೆದೆ. ನಮಗೆ ಬರುವ ಮೇಲ್‌ಗಳೆಲ್ಲ ಮೊದಲು ಇಂಟರ್ನೆಟ್ ಕಂಪನಿಯ ರಿಲೇ ಸರ್ವರಿಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬರುತ್ತವೆ. ರಿಲೇ ಯಾವುದೆಂದು, ಬೇಡದ ಮೇಲ್‌ಗಳನ್ನು ತಡೆಯುವ ನಮ್ಮ ಸ್ಪ್ಯಾಮ್ ಫಿಲ್ಟರಿಗೆ ಗೊತ್ತಿದ್ದರೆ, ಅದನ್ನು ಬಿಟ್ಟು, ಅದರಾಚೆ ನಿಜವಾಗಿ ಕಳಿಸಿದವರು ಯಾರೆಂದು ನೋಡುತ್ತದೆ. ಕಂಪನಿಯವರು ನಮಗೆ ಹೇಳದೆ ರಿಲೇಯ ವಿಳಾಸ ಬದಲಿಸಿದ್ದರು. ಹಾಗಾಗಿ ಎಲ್ಲ ಮೇಲ್‌ಗಳನ್ನೂ ಯಾರೋ ಒಬ್ಬ ಅಪರಿಚಿತನೇ ಕಳಿಸುತ್ತಿದ್ದಾನೆಂದು ಫಿಲ್ಟರ್ ತಿಳಿದು, ಒಂದನ್ನೂ ಒಳಗೆ ಬಿಟ್ಟಿರಲಿಲ್ಲ.

"ಅಳಿಸಿಲ್ಲ ಅಕ್ಕ, ತಡೆದಿಟ್ಟಿದೆ ಅಷ್ಟೇ. ಅವರ ಮೇಲ್ ಐಡಿ ಏನು?"

"ಹೊಸದು ಮಾಡ್ಕೋತೀನಿ ಅಂದಿದ್ಲು. ಗೊತ್ತಿಲ್ಲ."

ತಡೆದಿಟ್ಟವುಗಳ ಪಟ್ಟಿ ತೆರೆದೆ. ಸಾಲ, ಲಾಟರಿ, ತೂಕ ಇಳಿಸುವ ಪುಡಿ. ಅವುಗಳ ನಡುನಡುವೆ ಯಾರ್ಯಾರದೋ ಗೋಳು. ಅವನ್ನು ಓದುವುದು ನನ್ನ ಕೆಲಸವಲ್ಲ. ಪರದೆಯನ್ನು ಅಕ್ಕನ ಕಡೆ ತಿರುಗಿಸಿ ಕುರ್ಚಿ ಹಿಂದಕ್ಕೆಳೆದುಕೊಂಡೆ. ಅವರು ಒಂದೊಂದನ್ನೇ ತೆರೆದು ನೋಡುತ್ತಾ ಹೋದರು. ನಾನು ಗೋಡೆ ಗಡಿಯಾರ ನೋಡುತ್ತಾ ಕೂತೆ. ಮೂರೂವರೆ ದಾಟಿತ್ತು.

"ಇಲ್ಲಿದೆ ನೋಡು."

ವಿಷಯದ ಜಾಗ ಖಾಲಿ. ಕೆಳಗೆ ಇಷ್ಟೇ: 'ನಾಲ್ಕು ಗಂಟೆಗೆ ಗೊರಗುಂಟೆಪಾಳ್ಯ ಬಸ್ ಸ್ಟಾಪ್. ಐದಕ್ಕೆ ನಮ್ಮನೆಯವರು ನನ್ನ ಕರ್ಕೊಂಡು ಹೋಗೋಕೆ ಫ್ಯಾಕ್ಟರಿಗೆ ಬರ್ತಾರೆ.'

ಅಕ್ಕ ಆಗಲೇ ಚಪ್ಪಲಿ ಮೆಟ್ಟಿದ್ದರು.

"ಬರ್ತಿದೀವಿ ಅಂತ ಉತ್ತರ ಹಾಕ್ಲಾ?"

"ಬೇಡ. ಆ ಕಂಪ್ಯೂಟರ್ ಮುಂದೆ ಈಗ ಯಾರು ಕೂತಿದಾರೋ."

ಅಕ್ಕ ಹತ್ತಿದ ಆಟೋ ಹೋದ ಮೇಲೆ ಹೊಸ ರಿಲೇಯ ವಿಳಾಸವನ್ನು ಫಿಲ್ಟರಿಗೆ ಸೇರಿಸಿದೆ. ಅವಸರದಲ್ಲಿ ಒಂದು ಅಂಕಿ ತಪ್ಪಿತು. ಅಳಿಸಿ ಮತ್ತೆ ಹಾಕಿದೆ. ತಡೆಹಿಡಿದವನ್ನು ಇನ್ನೊಮ್ಮೆ ಜರಡಿ ಹಿಡಿದು ಇನ್‌ಬಾಕ್ಸಿಗೆ ಬಿಡುವಾಗ ಅದೇ ಐಡಿಯ ಇನ್ನೊಂದು ಮೇಲ್ ಕಂಡಿತು. ಒಂದೇ ಸಾಲು, ಓದದಿರಲು ಆಗಲಿಲ್ಲ: 'ಉತ್ತರ ಬಂದಿಲ್ಲ. ಆದ್ರೂ ಬಂದು ನಿಂತಿರ್ತೀನಿ.'

ಗಂಟೆ ನಾಲ್ಕೂವರೆಯಾಯಿತು. ಫೋನಿಲ್ಲ. ನಾನಾಗಿ ಮಾಡಲು ಧೈರ್ಯ ಬರಲಿಲ್ಲ. ಐದಕ್ಕೆ ಇನ್ನೇನು ಸ್ವಲ್ಪ ಇದೆ ಅನ್ನುವಾಗ ಅಕ್ಕನೇ ಮಾಡಿದರು. ಬಸ್ಸುಗಳ ಗದ್ದಲದಲ್ಲಿ ಒಂದೇ ಮಾತು ಕೇಳಿಸಿತು: "ಸಿಕ್ಕಿದ್ಲು."

ಸಂಜೆ ಅವಳು ಒಳಗೆ ಬಂದಳು. ಕೈಯಲ್ಲಿ ಒಂದು ಬಟ್ಟೆ ಚೀಲ, ಅಷ್ಟೇ. ಕಂಪ್ಯೂಟರ್ ಮುಂದಿದ್ದ ನನ್ನನ್ನು ನೋಡಿ, "ಮೇಲ್ ಬಂತಾ ಮೇಡಂ?" ಎಂದು ಕೇಳಿದಳು.

"ಬಂತು," ಎಂದೆ. ಅವಳು ಗೋಡೆಗೊರಗಿ ಕೂತು, ಚೀಲದಿಂದ ಮುಟ್ಟದ ಊಟದ ಡಬ್ಬಿ ತೆಗೆದಳು. ನಾನು ನೀರು ತರಲು ಎದ್ದೆ.