ಏಕಾದಶಿಯ ಖಾಲಿ ತಾಟು

ರಾತ್ರಿ ಪಾಳಿ ಮುಗಿಸಿ ಚಪ್ಪಲಿ ಮೆಟ್ಟಿಕೊಂಡವನನ್ನು ಹಿಡಿದು ಹಗಲು ಪಾಳಿಗೂ ನಿಲ್ಲಿಸಿಕೊಳ್ಳುವುದು ಪುಣೆಯ ನಮ್ಮ ಆಸ್ಪತ್ರೆಯಲ್ಲಿ ಹೊಸದೇನಲ್ಲ. ಅಂದು ಕಾತ್ರಜದಿಂದ ಬರಬೇಕಿದ್ದ ಸಿಸ್ಟರ್‌ಗೆ ಜ್ವರ. ಬದಲಿಗೆ ಯಾರೂ ಇಲ್ಲ. ಎದುರಿಗೆ ಸಿಕ್ಕವನು ನಾನು. ಗಂಡು ನರ್ಸನ್ನು ಇಲ್ಲಿ ಎಲ್ಲರೂ ಬ್ರದರ್ ಎನ್ನುತ್ತಾರೆ; ಮನೆಯ ತಮ್ಮನನ್ನು ಹೇಗೆ ಬೇಕಾದರೂ ದುಡಿಸಬಹುದು ಎಂಬ ಧೈರ್ಯ ಇರಬೇಕು.

ಒಂದರ ಮೇಲೊಂದು ಪಾಳಿ ಮಾಡಿದಾಗ ನನ್ನ ತಲೆ ನನ್ನದಾಗಿರುವುದಿಲ್ಲ. ಲಿಫ್ಟಿನ ಬಾಗಿಲ ಮುಂದೆ ನಿಂತು "ಬಾಯಿ ತಗೀರಿ, ಆ ಅನ್ರಿ" ಅಂದಿದ್ದೇನೆ. ಅದು ತೆಗೆಯಿತು ಕೂಡ. ಲೋಕಲ್ ರೈಲಿನಲ್ಲಿ ನಿದ್ದೆಗಣ್ಣಲ್ಲಿ ಪಕ್ಕದವರ ನಾಡಿ ಹಿಡಿದು, ನಾನು ಇಳಿಯಬೇಕಾದ ಪಿಂಪ್ರಿ ದಾಟಿ ಲೋಣಾವಳದ ತನಕ ಹೋಗಿದ್ದೇನೆ. ಅವರು ಪಾಪ, ತಾವು ಇಳಿಯುವ ಸ್ಟೇಷನ್ನು ಬಿಟ್ಟು, ಇವನೇನು ಹೇಳುತ್ತಾನೋ ಎಂದು ಕಾದು ಕೂತಿದ್ದರು.

ನನ್ನಂಥವರಿಂದ ರೋಗಿಗಳನ್ನು ಕಾಪಾಡಲೆಂದು ಆಸ್ಪತ್ರೆಯವರು ಜನ ಹೆಚ್ಚಿಸಲಿಲ್ಲ, ಜಾಕೀಟು ತರಿಸಿದರು. ತೋಳಿಲ್ಲದ ಕೆಂಪು ಜಾಕೀಟು. ಎದೆಯ ಮೇಲೂ ಬೆನ್ನ ಮೇಲೂ ಮರಾಠಿಯಲ್ಲಿ ದಪ್ಪ ಅಕ್ಷರ: ಔಷಧ ಕೊಡುತ್ತಿದ್ದೇವೆ, ಮಾತಾಡಿಸಬೇಡಿ. ಮಾತಾಡಿಸಿದರೆ ಲಕ್ಷ್ಯ ತಪ್ಪುತ್ತದೆ, ಒಬ್ಬರ ಮಾತ್ರೆ ಇನ್ನೊಬ್ಬರ ಬಾಯಿಗೆ ಹೋಗುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಮಾತು ನಿಜವೇ. ಆದರೆ ಮೊದಲ ದಿನವೇ ಒಬ್ಬರು ನನ್ನ ಕೆಂಪು ಬೆನ್ನು ನೋಡಿ, ಸ್ಟೇಷನ್ನಿನ ಹಮಾಲನೆಂದು ತಿಳಿದು, ಕೈಗೆ ಹಾಸಿಗೆ ಸುರುಳಿ ಕೊಟ್ಟರು. ನಾನು ಎರಡು ಮಹಡಿ ಹೊತ್ತು ಮುಟ್ಟಿಸಿಯೂ ಬಂದೆ.

ಕಾತ್ರಜದ ಸಿಸ್ಟರ್‌ಗೆ ಜ್ವರ ಬಂದ ಆ ದಿನ ಆಷಾಢ ಏಕಾದಶಿ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ವಿಜಯಪುರ ಕಡೆಯ ಅಜ್ಜ ಇದ್ದರು. ಪಿಂಪ್ರಿಯ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯದೆ ಸೇರಿಸಿದ್ದರು. ಜೊತೆಗೆ ಅಜ್ಜಿ. ನಾನೂ ಆ ಕಡೆಯವನೇ ಎಂದು ಗೊತ್ತಾದ ಮೇಲೆ ಅಜ್ಜಿಗೆ ನಾನು 'ತಮ್ಮಾ' ಆಗಿದ್ದೆ.

ಅಜ್ಜನಿಗೆ ಮಧ್ಯಾಹ್ನ ಊಟವಾದ ಮೇಲೆ ಇನ್ಸುಲಿನ್. ಮೊದಲು ಚುಚ್ಚಿ ಆಮೇಲೆ ಉಣಿಸುವುದು ಸರಿಯಾದ ಕ್ರಮವಂತೆ; ನಮ್ಮ ಊಟದ ಗಾಡಿ ಯಾವಾಗ ಬರುತ್ತದೆಂದು ಅದನ್ನು ತಳ್ಳುವವರಿಗೂ ಗೊತ್ತಿರುವುದಿಲ್ಲವಾದ್ದರಿಂದ, ತಾಟು ಖಾಲಿಯಾದದ್ದು ಕಂಡ ಮೇಲೆಯೇ ಸೂಜಿ ಎಂಬುದು ನಮ್ಮ ವಾರ್ಡಿನ ರೂಢಿ. ಹೊಟ್ಟೆಯಲ್ಲಿ ಅನ್ನವಿಲ್ಲದೆ ಆ ಔಷಧ ಒಳಹೋದರೆ ಸಕ್ಕರೆ ಒಮ್ಮೆಲೇ ಇಳಿಯುತ್ತದೆ. ಮುದುಕರು ಬೆವೆತು, ತೊದಲಿ, ಎಚ್ಚರ ತಪ್ಪುತ್ತಾರೆ. ಕೆಲವರು ಮತ್ತೆ ಏಳುವುದಿಲ್ಲ.

ಬೆಳಿಗ್ಗೆ ನಮ್ಮ ಮುಖ್ಯ ಸಿಸ್ಟರ್ "ಉಪವಾಸ್ ಆಹೇ ಕಾ?" ಎಂದು ಕೇಳಿದ್ದರು. ಅಜ್ಜ ಹೌದೆಂದು ತಲೆಯಾಡಿಸಿದ್ದರು. ಪುಣೆಯಲ್ಲಿ ಹುಟ್ಟಿದವರಿಗೆ ಏಕಾದಶಿ ಎಂದರೆ ಶೇಂಗಾ ಹಾಕಿದ ಸಾಬೂದಾಣೆ ಖಿಚಡಿ, ಬಾಳೆಹಣ್ಣು, ಮೊಸರು. ಅಡುಗೆಮನೆಗೆ ಹೇಳಿ ಅದನ್ನೇ ತರಿಸಿದರು. ಮಧ್ಯಾಹ್ನ ನಾನು ಜಾಕೀಟು ತೊಟ್ಟು ಬಂದಾಗ ತಾಟು ತೊಳೆದಿಟ್ಟಷ್ಟು ಖಾಲಿ. ಅಜ್ಜ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದರು. ಅಜ್ಜಿ "ತಮ್ಮಾ, ಒಂದು ಮಾತು..." ಅಂದರು. ನಾನು ತರಬೇತಿಯಲ್ಲಿ ಕಲಿಸಿದ ಹಾಗೆಯೇ ಎದೆಯ ಮೇಲಿನ ಅಕ್ಷರ ತೋರಿಸಿ ನಕ್ಕೆ. ಅಷ್ಟು ವರ್ಷ ಇಲ್ಲಿದ್ದು ಮರಾಠಿ ಓದಲು ಬರುತ್ತಿದ್ದ ಅಜ್ಜಿ ಬಾಯಿಗೆ ಸೆರಗು ಹಚ್ಚಿಕೊಂಡು ಕೂತರು.

ಅಜ್ಜನ ಹೊಟ್ಟೆಯ ಚರ್ಮ ಒರೆಸಿ ಸೂಜಿ ಎತ್ತಿದ್ದೆ. ಪಕ್ಕದ ಹಾಸಿಗೆಯ ಮುರಿದ ಕಾಲಿನ ರಿಕ್ಷಾ ಡ್ರೈವರನಿಗೆ ಯಾವ ಜಾಕೀಟಿನ ಹಂಗೂ ಇರಲಿಲ್ಲ. ತೇಗುತ್ತಾ ಕೂಗಿದ:

"ಕಾಕಾ, ಖಿಚಡೀ ಏಕದಮ್ ಭಾರೀ ಹೋತೀ! ಉದ್ಯಾ ಪಣ್ ದ್ಯಾ!"

ಖಿಚಡಿ ಬಹಳ ಚೆನ್ನಾಗಿತ್ತು, ನಾಳೆಯೂ ಕೊಡಿ ಎಂದು ಅವನು ಹೇಳುತ್ತಿದ್ದುದು ಅಜ್ಜನಿಗೆ. ನನ್ನ ತಲೆಗೆ ಅದು ಇಳಿಯಲು ಒಂದು ಗಳಿಗೆ ಬೇಕಾಯಿತು. ಕೈ ಅಲ್ಲೇ ನಿಂತಿತು.

"ಅಜ್ಜಾರ, ಖಿಚಡಿ ನೀವು ತಿಂದಿಲ್ಲೇನ್ರಿ?"

ಅಜ್ಜ ಒಂದು ಕಣ್ಣು ತೆರೆದರು. "ಏಕಾದಶಿ ದಿನ ತಿನ್ನೂದೇನು? ನಮ್ಮ ಮನ್ಯಾಗ ನೀರ ಸುದ್ಧಾ ಮುಟ್ಟಂಗಿಲ್ಲ. ಈ ಊರವರು ಉಪಾಸ ಅಂತ ಹೇಳಿ ದಿನಾ ತಿಂದದ್ದಕ್ಕಿಂತ ಜಾಸ್ತಿ ತಿಂತಾರ."

"ಅಜ್ಜಿ, ನೀವರೆ ಹೇಳಬಾರದೇನ್ರಿ!"

"ಹೇಳಾಕಂತನ ಬಾಯಿ ತಗದೆ. ಎದಿ ಮ್ಯಾಲ ಬೋರ್ಡ್ ತೋರಿಸಿದಿ. ಬೆಳಿಗ್ಗೆ ಹೇಳೋಣಂದ್ರ ನೀ ಗ್ವಾಡಿಗೆ ಆನಿಕೊಂಡು ನಿಂತಲ್ಲೇ ತೂಕಡಸ್ತಿದ್ದಿ. ಪಾಪ, ಎಬ್ಬಸೂದು ಬ್ಯಾಡ ಅಂತ ಬಿಟ್ಟೆ."

ಸೂಜಿಯನ್ನು ಡಬ್ಬಿಗೆ ಎಸೆದು, ಬೆರಳು ಚುಚ್ಚಿ ಸಕ್ಕರೆ ನೋಡಿದೆ. ಹಿಂದಿನ ದಿನದ ಔಷಧದ ಜೋರಿಗೇ ಅದು ಇಳಿಯುತ್ತಾ ಬಂದಿತ್ತು. ಅಜ್ಜನ ಹಣೆಯಲ್ಲಿ ಸಣ್ಣ ಬೆವರು. ಫೋನಿನಲ್ಲಿ ಡಾಕ್ಟರು, ಇನ್ಸುಲಿನ್ ಬೇಡ, ತಕ್ಷಣ ಗ್ಲುಕೋಸ್ ನೀರು ಕುಡಿಸಿ ಎಂದರು. ಕಲಸಿ ತಂದೆ. ಅಜ್ಜ ತುಟಿ ಬಿಗಿದುಕೊಂಡರು.

"ಐವತ್ತು ವರ್ಷದ ನೇಮ ಇದು. ನಿನ್ನ ಒಂದು ಗ್ಲಾಸಿಗೆ ಬಿಡಂಗಿಲ್ಲ."

"ಇದು ಔಷಧ ಅದರಿ."

"ಸಿಹಿ ಅದನೋ ಇಲ್ಲೋ?"

"ಅದ್ರಿ."

"ಮತ್ತ?"

ಮುಖ್ಯ ಸಿಸ್ಟರ್ ಬಂದು ಮರಾಠಿಯಲ್ಲಿ ಗದರಿದರು. ಡ್ರೈವರ್ ತಾನು ತಿಂದದ್ದೇ ತಪ್ಪಾಯಿತೆಂದು ಕಿವಿ ಹಿಡಿದುಕೊಂಡ. ಅಜ್ಜನ ಕೈ ನಡುಗಲು ಶುರುವಾಯಿತು. ಕುಡಿಯದಿದ್ದರೆ ರಕ್ತನಾಳ ಹುಡುಕಿ ಚುಚ್ಚಬೇಕು, ಆ ಒಣಗಿದ ಕೈಯಲ್ಲಿ ನಾಳ ಸಿಗುವುದು ಯಾವಾಗ, ಅಷ್ಟರಲ್ಲಿ ಇವರ ಎಚ್ಚರ ಉಳಿಯುತ್ತದೆಯೇ. ನನ್ನ ಬಳಿ ಒಂದು ತಮಾಷೆಯೂ ಉಳಿದಿರಲಿಲ್ಲ.

ಅಜ್ಜಿ ಎದ್ದು ಬಂದು ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡರು.

"ಕುಡೀರಿ. ನಿಮ್ಮ ಪಾಲಿನ ಉಪಾಸ ನಾ ಮಾಡ್ತೀನಿ. ನಂದೊಂದು ಅದನ ಅದ, ನಿಮ್ದೂ ಅದರಾಗ ಸೇರಲಿ. ನಾಳೆ ಪಾರಣಿಗೆ ನಿಮಗಿಂತ ಮೊದಲ ನನಗ ನೀರು ಕೊಡ್ರಿ, ಅಷ್ಟ."

"ಹಂಗ ನಡೀತದೇನು?"

"ದೇವರಿಗೆ ನಾ ಹೇಳ್ಕೋತೀನಿ. ನೀವು ಬಾಯಿ ತಗೀರಿ."

ಅಜ್ಜ ಹೆಂಡತಿಯ ಮುಖ ನೋಡಿದರು. ಬಾಯಿ ತೆಗೆದರು. ಅರ್ಧ ಕುಡಿದು ಸಾಕೆಂದಾಗ ಅಜ್ಜಿ ಪೂರ್ತಿ ಎಂದರು. ಪೂರ್ತಿ ಕುಡಿದರು. ಸ್ವಲ್ಪ ಹೊತ್ತಿಗೆ ಬೆವರು ಆರಿತು, ಸಕ್ಕರೆ ಏರಿತು. ಅಜ್ಜಿಯೇ ಹೇಳಿಹೇಳಿ ಒಂದು ಬಾಳೆಹಣ್ಣನ್ನೂ ತಿನ್ನಿಸಿದರು.

ಇದನ್ನು ಬರೆದು ಮೇಲಕ್ಕೆ ಕಳಿಸೋಣ, ಜಾಕೀಟು ಇದ್ದಾಗಲೂ ರೋಗಿಯ ಮನೆಯವರು ಮಾತಾಡಬಹುದು ಎಂದು ಎಲ್ಲರಿಗೂ ಗೊತ್ತಾಗಲಿ ಎಂದೆ. ಮುಖ್ಯ ಸಿಸ್ಟರ್ ಕುರ್ಚಿಯಲ್ಲಿ ಕುಸಿದು ಕೂತು ಕಾಲು ಉಜ್ಜಿಕೊಳ್ಳುತ್ತಿದ್ದರು. "ಕಾಹೀ ಝಾಲಂ ನಾಹೀ ನಾ? ಮಗ್ ಸೋಡ್." ಏನೂ ಆಗಲಿಲ್ಲವಲ್ಲ, ಬಿಡು. ಬರೆದರೆ ಮೇಲಿನವರು ಕೇಳುವ ಮೊದಲ ಪ್ರಶ್ನೆ ಯಾರದು ತಪ್ಪು ಎಂಬುದು. ರಾತ್ರಿಯಿಂದ ಯಾರು ನಿಂತಿದ್ದಾರೆ ಎಂಬುದಲ್ಲ. ಅದು ಸಿಸ್ಟರ್‌ಗೂ ಗೊತ್ತು, ನನಗೂ ಗೊತ್ತು. ಆದರೂ ಬರೆದೆ. ಕೊನೆಗೆ ಅವರೂ ನಿಟ್ಟುಸಿರು ಬಿಟ್ಟು ಸಹಿ ಹಾಕಿದರು.

ಜಾಕೀಟು ಕಳಚಿಟ್ಟು ವಾರ್ಡಿಗೆ ತಿರುಗಿ ಬಂದಾಗ ಅಜ್ಜ ಗೊರಕೆ ಹೊಡೆಯುತ್ತಿದ್ದರು. ಅಜ್ಜಿ ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುತ್ತಿದ್ದರು. ವಯಸ್ಸು ಎಪ್ಪತ್ತರ ಮೇಲೆ, ಹೊಟ್ಟೆಯಲ್ಲಿ ಇಬ್ಬರ ಉಪವಾಸ, ಬೆಳಗಾಗುವ ತನಕ ಹನಿ ನೀರಿಲ್ಲ. ನಾನು ಬಿ.ಪಿ. ನೋಡುವ ಯಂತ್ರ ತಂದು ಅವರ ತೋಳಿಗೆ ಸುತ್ತಿದೆ.

"ನನಗ್ಯಾಕೋ?"

"ಮಾತಾಡಬ್ಯಾಡ್ರಿ ಅಜ್ಜಿ" ಅಂದೆ. ಆಮೇಲೆ ನಾಲಿಗೆ ಕಚ್ಚಿಕೊಂಡು, "ಅಲ್ಲಲ್ಲ, ಮಾತಾಡ್ರಿ. ತಲಿ ತಿರಗತದೇನು, ಹೇಳ್ರಿ."